ಬೆಂಗಳೂರಿನಲ್ಲಿ ಬೇರೆಲ್ಲೂ ಸಿಗದಂಥ ಹೋಟೆಲ್‌ಗಳನ್ನು ಕಂಡುಕೊಳ್ಳುವುದು ಹೇಗೆ?

ಬೆಂಗಳೂರಿಗೆ ಹೊಸದಾಗಿ ಬಂದಿರುವ ನೀವು, ಮಾಲ್‌ಗಳಲ್ಲಿ ಒಂದೇ ಬಗೆಯ ಊಟ ಉಂಡು ಬೇಸತ್ತು, ಈ ಊರಿಗೇ ವಿಶಿಷ್ಟವಾದ ಹೋಟೆಲ್‌ಗಳನ್ನು ಹುಡುಕುವ ದಾರಿ ಯಾವುದು ಎಂದು ಕೇಳಿದ್ದೀರಿ. ಬಹಳ ವರ್ಷಗಳಿಂದ ಇಲ್ಲಿ ಹೊರಗೆ ಉಣ್ಣುತ್ತಿರುವ ನಾನು ಕಂಡುಕೊಂಡ ಉಪಾಯ ಒಂದೇ: ಒಂದು ಹೋಟೆಲಿನಲ್ಲಿ ಏನೇನು ಇದೆ ಎಂದು ವಿಚಾರಿಸುವ ಬದಲು ಏನು ಇಲ್ಲ ಎಂದು ವಿಚಾರಿಸುತ್ತೇನೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರ್ ಇಲ್ಲ. 1965ರಲ್ಲಿ ಆರಂಭವಾದ ಈ ಪುಟ್ಟ ಜಾಗದಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಮತ್ತು ಕಾಫಿ-ಟೀ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲವಾದ್ದರಿಂದ ಚಟ್ನಿಯೇ ಇಡೀ ಹೋಟೆಲಿನ ಮರ್ಯಾದೆಯನ್ನು ಹೊತ್ತುಕೊಂಡಿದೆ. ಅರ್ಧ ಇಡ್ಲಿ ಉಳಿದಿರುವಾಗಲೇ ತಟ್ಟೆ ಹಿಡಿದು ಮತ್ತೆ ಹೋದರೆ, ಏನೂ ಕೇಳದೆ ಇಡ್ಲಿ ಮುಳುಗುವಷ್ಟು ಚಟ್ನಿ ಸುರಿಯುತ್ತಾರೆ. ಅದನ್ನು ರಸ್ತೆಯ ಬದಿಯಲ್ಲಿ ನಿಂತೇ ತಿನ್ನಬೇಕು.

ನಿಂತು ತಿನ್ನುವುದನ್ನೇ ಒಂದು ಪದ್ಧತಿಯನ್ನಾಗಿಸಿದ್ದು ದರ್ಶಿನಿಗಳು. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ಹರಡಿದ ಈ ಬಗೆಯಲ್ಲಿ ಕುರ್ಚಿಯೂ ಇಲ್ಲ, ಮಾಣಿಯೂ ಇಲ್ಲ. ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆದು, ಕಣ್ಣೆದುರೇ ಹುಯ್ಯುತ್ತಿರುವ ದೋಸೆಗೆ ಕಾದು, ಎದೆಮಟ್ಟದ ಮೇಜಿನ ಮೇಲಿಟ್ಟು ತಿಂದು ಹೊರಡುವುದು. ಕೂರಲು ಜಾಗ ಕೊಡದಿರುವುದರಿಂದಲೇ ಗಿರಾಕಿಗಳು ಬೇಗ ಬೇಗ ಬದಲಾಗುತ್ತಾರೆ, ಬೆಲೆಯೂ ಕೈಗೆಟುಕುವಂತಿರುತ್ತದೆ. ವಿಮಾನದಂತೆಯೋ ಗುಹೆಯಂತೆಯೋ ಅಲಂಕರಿಸಿದ ಹೋಟೆಲ್‌ಗಳಿಗಿಂತ ಇದು ನನಗೆ ದೊಡ್ಡ ಹೊಳಹು ಎನ್ನಿಸುತ್ತದೆ. (ಜೈಲಿನ ಕಂಬಿಗಳ ಹಿಂದೆ ಕೂರಿಸಿ ಬಡಿಸುವ ಒಂದು ಹೋಟೆಲಿಗೆ ನಾನೂ ಹೋಗಿದ್ದೆ, ರೊಟ್ಟಿ ಆರಿಹೋಗಿತ್ತು, ಬಿಲ್ಲು ಮಾತ್ರ ಶಿಕ್ಷೆಯಂತೆಯೇ ಇತ್ತು.)

ಲಾಲ್‌ಬಾಗ್ ರಸ್ತೆಯ ಎಂಟಿಆರ್ (ಮಾವಳ್ಳಿ ಟಿಫಿನ್ ರೂಮ್ಸ್) ಅನ್ನು ಹಳೆಯದೆಂಬ ಕಾರಣಕ್ಕಷ್ಟೇ ನೋಡಬೇಡಿ. 1924ರಲ್ಲಿ ಆರಂಭವಾದ ಈ ಹೋಟೆಲು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಿಂದ ಇಡ್ಲಿ ಮಾಡಿ ನೋಡಿತೆಂದೂ ರವೆ ಇಡ್ಲಿ ಹುಟ್ಟಿದ್ದು ಹಾಗೆಂದೂ ಹೋಟೆಲಿನವರೇ ಹೇಳುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆಯನ್ನು ತೀರಾ ಕೆಳಕ್ಕೆ ಕಟ್ಟಿಹಾಕಿದಾಗ, ಗುಣಮಟ್ಟ ಇಳಿಸುವುದಕ್ಕಿಂತ ಬಾಗಿಲು ಹಾಕುವುದೇ ಮೇಲೆಂದು ಕೆಲಕಾಲ ಮುಚ್ಚಿಯೂ ಇತ್ತು. ಮಧ್ಯಾಹ್ನ ಅಲ್ಲಿ ಪೂರ್ತಿ ಊಟ. ಬಡಿಸುವವರು ಒಂದೊಂದಾಗಿ ತರುವ ಕ್ರಮಕ್ಕೆ ನೀವು ಒಗ್ಗಿಕೊಳ್ಳಬೇಕು.

ಮಾಂಸಾಹಾರಿಗಳಾಗಿದ್ದರೆ, ಮಾಂಸದ ಅಡುಗೆಗೇ ಹೆಸರಾದ ಮಿಲಿಟರಿ ಹೋಟೆಲ್‌ಗಳನ್ನು ತಪ್ಪಿಸಿಕೊಳ್ಳಬೇಡಿ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಂಥ ಕಡೆ ಸಿಗುವ ದೊನ್ನೆ ಬಿರಿಯಾನಿಯಲ್ಲಿ ಉದ್ದನೆಯ ಬಾಸುಮತಿಯೂ ಇಲ್ಲ, ಕೇಸರಿ ಬಣ್ಣವೂ ಇಲ್ಲ. ಪುದೀನ-ಕೊತ್ತಂಬರಿಯ ಹಸಿರು ಹತ್ತಿದ ಸಣ್ಣಕ್ಕಿಯ ಅನ್ನ, ಒಣಗಿದ ಎಲೆಯ ದೊನ್ನೆಯಲ್ಲಿ ಬಿಸಿಯಾಗಿ ಕುಳಿತಿರುತ್ತದೆ. ಊಟದ ಹೊತ್ತು ಮೀರಿಸಿ ಹೋದರೆ ‘ಖಾಲಿ ಸಾರ್’ ಎಂಬ ಉತ್ತರ ಕೇಳಿ ಮರಳಬೇಕಾದೀತು.

ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್‌ನಲ್ಲಿ ಇಲ್ಲದಿರುವುದು ಮಾಲೀಕ. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು 1957ರಲ್ಲಿ ಇದೇ ಬೆಂಗಳೂರಿನಲ್ಲಿ ತಮ್ಮ ಸಹಕಾರ ಸಂಘ ಕಟ್ಟಿದರು. ಎಂ.ಜಿ. ರಸ್ತೆಯಿಂದ 2009ರಲ್ಲಿ ಸ್ಥಳಾಂತರಗೊಂಡರೂ ಪೇಟ ತೊಟ್ಟು ಕಾಫಿ ತಂದಿಡುವ ರೀತಿ ಬದಲಾಗಿಲ್ಲ.

ಮೊದಲ ಭೇಟಿಗೆ ಎಲ್ಲಿ ಹೋಗಲಿ ಎಂದರೆ, ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನಕ್ಕೆ ಹೋಗಿ. ಪಂಚೆಯುಟ್ಟ ಮಾಣಿ, ಅಂಗೈಯಿಂದ ಭುಜದವರೆಗೆ ಒಂದರ ಮೇಲೊಂದು ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಕಿಕ್ಕಿರಿದ ಮೇಜುಗಳ ನಡುವೆ ನುಸುಳಿ ಬರುವುದನ್ನು ನೋಡಲಿಕ್ಕಾದರೂ ಒಳಗೆ ಕೂರಬೇಕು. ಭಾನುವಾರವಾದರೆ ಹೆಸರು ಬರೆಸಿ ಹೊರಗೆ ಕಾಯಬೇಕಾಗುತ್ತದೆ; ಶುಕ್ರವಾರವಾದರೆ ಹೋಗಲೇಬೇಡಿ, ಅಂದು ಅಲ್ಲಿ ದೋಸೆಯೇ ಇಲ್ಲ, ರಜೆ.