ಒಂಟಿ ಆಕೃತಿಯ ಮುಖ ಬೂದಾಗಿದೆ

ಪ್ರಶ್ನೆ: ತಾಮ್ರದ ತಗಡಿನಲ್ಲಿ ಎಚಿಂಗ್ (ಆಮ್ಲದಿಂದ ಗೆರೆ ಕೊರೆಯುವುದು), ಅಕ್ವಾಟಿಂಟ್ (ಆಮ್ಲದಿಂದಲೇ ಛಾಯೆ ಮೂಡಿಸುವುದು) ಮಾಡಿ ಒಂಟಿಯಾಗಿ ನಿಂತ ಹೆಂಗಸಿನ ಚಿತ್ರ ಅಚ್ಚು ಹಾಕಿದೆ. ಬಿಳಿಯಾಗಬೇಕಿದ್ದ ಮುಖ ಬೂದಾಗಿದೆ, ಗೆರೆಗಳೂ ಅಲ್ಲಲ್ಲಿ ತುಂಡಾಗಿವೆ. ಏಕೆ?

ಉತ್ತರ: ಗೆರೆ ತುಂಡಾಗುವುದು ಹೆಚ್ಚಾಗಿ ಕಾಗದ ಸರಿಯಾಗಿ ನೆನೆಯದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಹತ್ತಿ ಕಾಗದವನ್ನು ಅರ್ಧ ಗಂಟೆಯಾದರೂ ನೆನೆಸಿ, ಮೇಲಿನ ನೀರಿನ ಹೊಳಪು ಹೋಗುವಂತೆ ಒತ್ತಿ. ಆಗಲೇ ಅದು ಗೆರೆಯೊಳಗಿಳಿದು ಶಾಯಿ ಎತ್ತುತ್ತದೆ.

ಮುಖದ್ದು ಬೇರೆ ಕಥೆ. ಟಾರ್ಲಟನ್ ಎಂಬ ಜಾಳು ಬಟ್ಟೆಯಲ್ಲಿ ತಗಡು ಒರೆಸಿದ ಮೇಲೂ ಶಾಯಿಯ ತೆಳು ಪೊರೆ ಉಳಿಯುತ್ತದೆ. ಅಂಗೈಗೆ ಚೂರು ಸೀಮೆಸುಣ್ಣದ ಪುಡಿ ಸವರಿಕೊಂಡು ಮುಖವನ್ನಷ್ಟೇ ಹಗುರವಾಗಿ ಒರೆಸಿ. ಹಿನ್ನೆಲೆಗೆ ಕೈ ಹಾಕಬೇಡಿ. ಆ ಕತ್ತಲೆಯೇ ಅವಳನ್ನು ಒಂಟಿಯಾಗಿಸಿರುವುದು. ಇಷ್ಟಾದರೂ ಬೂದು ಹೋಗದಿದ್ದರೆ, ಆಮ್ಲ ತಾಗಬಾರದ ಕಡೆ ಬಳಿಯುವ ಸ್ಟಾಪ್‌ಔಟ್ ವಾರ್ನಿಷ್ ತೆಳುವಾಗಿ ಆಮ್ಲ ಮುಖವನ್ನೂ ಕಚ್ಚಿದೆ. ಒಂದು ಹನಿ ಎಣ್ಣೆ ಬಿಟ್ಟು ತಗಡಿನ ಮೇಲಿನ ಹಣೆ, ಕೆನ್ನೆಗಳನ್ನು ನಯವಾದ ಉಕ್ಕಿನ ಉಪಕರಣವಾದ ಬರ್ನಿಷರ್‌ನಿಂದ ನಯವಾಗುವವರೆಗೆ ಉಜ್ಜಿ, ಎಣ್ಣೆ ಪೂರ್ತಿ ತೆಗೆದು ಮತ್ತೆ ಅಚ್ಚು ಹಾಕಿ ನೋಡಿ.