ಮ್ಯೂನಿಕ್‌ನಲ್ಲಿ ಹಳದಿ, ಒಹಾಯೋದಲ್ಲಿ ತಾಮ್ರ

ಪತ್ರ: ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಮ್ಯೂನಿಕ್‌ನ ಬಿಯರ್ ಹಬ್ಬ ಆಕ್ಟೋಬರ್‌ಫೆಸ್ಟ್‌ಗೆ ಹೋಗಿದ್ದೆ. ಡೇರೆಯಲ್ಲಿ ಕೊಟ್ಟ ಬಿಯರ್ ತಿಳಿ ಹಳದಿ. ಒಹಾಯೋಗೆ ವಾಪಸ್ ಬಂದವನೇ ಅಂಗಡಿಯಿಂದ ಅದೇ ಹೆಸರಿನ ನಾಲ್ಕು ಅಮೆರಿಕನ್ ಬಿಯರ್ ತಂದೆ. ನಾಲ್ಕೂ ತಾಮ್ರದ ಬಣ್ಣ, ನಾಲ್ಕಕ್ಕೂ ಬೇರೆ ಬೇರೆ ರುಚಿ. ಒಂದಂತೂ ಪಾನಕದ ಹಾಗೆ ಸಿಹಿ. ಇವರು ಜರ್ಮನರ ಹೆಸರು ಮಾತ್ರ ಕದ್ದು ತಮಗೆ ತೋಚಿದ್ದನ್ನು ಮಾಡುತ್ತಾರಾ? ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಉಳಿದದ್ದನ್ನು ದೀಪಾವಳಿವರೆಗೆ ಇಡಬಹುದಾ? — ಕೊಲಂಬಸ್‌ನಿಂದ ಒಬ್ಬ ಓದುಗ

ಸಂಪಾದಕರ ಉತ್ತರ: ಈ ಪುಟದಲ್ಲಿ ಬಿಯರ್ ಮಾತು ಬಂದಾಗಲೆಲ್ಲ ಇಬ್ಬರು ಹಿರಿಯ ಓದುಗರು ತಪ್ಪದೆ ನನ್ನನ್ನು ಬೈದು ಬರೆಯುತ್ತಾರೆ. ಅವರ ಕ್ಷಮೆ ಕೇಳಿಯೇ ಶುರು ಮಾಡುತ್ತೇನೆ.

ಕಳ್ಳತನದ ಮಾತು ಎತ್ತಿದ್ದೀರಿ. ಈ ಬಿಯರ್‌ನ ಚರಿತ್ರೆಯಲ್ಲಿ ನಿಜವಾಗಿಯೂ ಒಂದು ಕಳ್ಳತನ ನಡೆದಿದೆ. ಆದರೆ ಮಾಡಿದವರು ಅಮೆರಿಕದವರಲ್ಲ. 1833ರಲ್ಲಿ ಇಬ್ಬರು ಯುವಕರು ಬ್ರಿಟನ್ನಿನ ಬ್ರೂವರಿಗಳನ್ನು, ಅಂದರೆ ಬಿಯರ್ ತಯಾರಿಸುವ ಜಾಗಗಳನ್ನು, ಸುತ್ತುತ್ತಿದ್ದರು. ಒಬ್ಬ ಮ್ಯೂನಿಕ್‌ನ ಸ್ಪಾಟನ್ ಬ್ರೂವರಿ ಮನೆತನದ ಗೇಬ್ರಿಯಲ್ ಸೆಡ್ಲ್‌ಮಾಯರ್, ಇನ್ನೊಬ್ಬ ವಿಯೆನ್ನಾ ಪಕ್ಕದ ಶ್ವೆಖಾಟ್‌ನ ಆಂಟನ್ ಡ್ರೆಹರ್. ಕೈಯಲ್ಲೊಂದು ಊರುಗೋಲು. ಒಳಗೆ ಟೊಳ್ಳು. ಯಜಮಾನರು ಆಚೆ ತಿರುಗಿದಾಗ ಕೋಲನ್ನು ತೊಟ್ಟಿಗೆ ಅದ್ದಿ, ಹುದುಗುತ್ತಿದ್ದ ರಸ ತುಂಬಿಸಿಕೊಂಡು, ಹೋಟೆಲ್ ಕೋಣೆಗೆ ಹೋಗಿ ಅಳೆದು ನೋಡುತ್ತಿದ್ದರು. ಮೊಳಕೆ ಬರಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಹೊಗೆ ತಾಕದಂತೆ, ಹದವಾದ ಶಾಖದಲ್ಲಿ ಒಣಗಿಸುವ ಬ್ರಿಟಿಷರ ವಿದ್ಯೆಯನ್ನೂ ಇವರಿಬ್ಬರು ಅದೇ ಸುತ್ತಾಟದಲ್ಲಿ ಕಲಿತರು. 1841ರಲ್ಲಿ ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಕೆಂಪು ಛಾಯೆಯ ಲಾಗರ್, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಬಿಯರ್, ಹೊರತಂದರು. ಡ್ರೆಹರ್‌ನದು ವಿಯೆನ್ನಾ ಲಾಗರ್, ಸೆಡ್ಲ್‌ಮಾಯರ್‌ನದು ಮೆರ್ಟ್ಸನ್.

ಮೆರ್ಟ್ಸನ್ ಅಂದರೆ ಮಾರ್ಚ್ ತಿಂಗಳದು ಎಂದರ್ಥ. ಹೆಸರು ಇನ್ನೂ ಹಳೆಯದು. ಬೇಸಿಗೆಯಲ್ಲಿ ಮಾಡಿದ ಬಿಯರ್ ಕೆಡುತ್ತದೆ ಎಂದು ಮ್ಯೂನಿಕ್ ಇರುವ ಬವೇರಿಯಾದ ದೊರೆ 1553ರಲ್ಲಿ ಒಂದು ಕಟ್ಟಳೆ ತಂದ. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಮಾಡಬೇಕು. ಹಾಗಾಗಿ ಮಾರ್ಚ್‌ನಲ್ಲಿ ಸ್ವಲ್ಪ ಗಟ್ಟಿಯಾಗಿ ಮಾಡಿ, ನೆಲಮಾಳಿಗೆಯ ತಂಪಿನಲ್ಲಿ ಇಟ್ಟು, ಚಳಿಗೆ ಮುಂಚೆ ಪೀಪಾಯಿ ಖಾಲಿ ಮಾಡುತ್ತಿದ್ದರು. ನಾವು ಮಳೆಗಾಲಕ್ಕೆ ಹಪ್ಪಳ ಸಂಡಿಗೆ ಮಾಡಿಟ್ಟ ಹಾಗೆ.

ಇನ್ನು ಹಬ್ಬ. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್‌ನ ಮದುವೆ, ಅದರ ಸಂಭ್ರಮಕ್ಕೆ 17ರಂದು ಕುದುರೆ ಪಂದ್ಯ. ಅದೇ ವರ್ಷಾವರ್ಷ ನಡೆಯುತ್ತಾ ಬಂತು. 1872ರಲ್ಲಿ ಷಾಟನ್‌ಹಾಮಲ್ ಡೇರೆಯಲ್ಲಿ ಮಾಮೂಲಿ ಬಿಯರ್ ಮುಗಿದುಹೋಗಿ, ಗೇಬ್ರಿಯಲ್‌ನ ಸೋದರ ಯೋಸೆಫ್ ಮಾಡಿದ್ದ ಗಟ್ಟಿ ಮೆರ್ಟ್ಸನ್ ತರಿಸಿದರು ಎಂಬ ಕತೆ ಇದೆ. ಜನಕ್ಕೆ ಹಿಡಿಸಿತು. ಅಲ್ಲಿಂದ ಸುಮಾರು ನೂರು ವರ್ಷ ಆಕ್ಟೋಬರ್‌ಫೆಸ್ಟ್ ಬಿಯರ್ ಅಂದರೆ ತಾಮ್ರದ ಬಣ್ಣದ್ದೇ.

ಬಣ್ಣ ಬಿಟ್ಟದ್ದು ಮ್ಯೂನಿಕ್‌ನವರು. 1970ರ ದಶಕದಲ್ಲಿ ಪೌಲಾನರ್ ಕಂಪನಿ ಹಗುರವಾದ, ಹೊಂಬಣ್ಣದ ಬಿಯರ್ ತಂದಿತು. ಕಾರಣ ಸರಳ. ಅಲ್ಲಿನ ಒಂದು ಮಗ್ ಅಂದರೆ ಒಂದು ಲೀಟರ್. ಮಾಲ್ಟ್ ತುಂಬಿದ ಕೆಂಪು ಬಿಯರ್ ಒಂದು ಲೀಟರ್ ಕುಡಿದವನಿಗೆ ಊಟ ಮಾಡಿದ ಹಾಗಾಗುತ್ತದೆ. ಎರಡನೆಯದು ಕೇಳುವುದಿಲ್ಲ. ಹಳದಿ ಬಿಯರ್ ಕುಡಿದವನು ಮೂರನೆಯದನ್ನೂ ಕೇಳುತ್ತಾನೆ! ಅಲ್ಕೋಹಾಲ್ ಏನೂ ಕಡಿಮೆ ಇಲ್ಲ, ಆರು ಪರ್ಸೆಂಟ್ ಹತ್ತಿರವೇ. 1990ರ ಈಚೆಗೆ ಡೇರೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಇದೇ. ತಮಾಷೆ ಏನು ಗೊತ್ತಾ? ಅದೇ ಪೌಲಾನರ್, ಅದೇ ಹ್ಯಾಕರ್-ಷೋರ್ ಅಮೆರಿಕಕ್ಕೆ ಇವತ್ತಿಗೂ ಕಳಿಸುವುದು ಕೆಂಪು ಮೆರ್ಟ್ಸನ್. ಇಲ್ಲಿನ ಸಣ್ಣ ಬ್ರೂವರಿಗಳು ನೋಡಿ ಕಲಿತದ್ದೂ ಅದನ್ನೇ. ನೀವು ಒಹಾಯೋದಲ್ಲಿ ಕುಡಿದದ್ದು ನಕಲಿಯಲ್ಲ, ಹಳೆಯ ಪಾಠ.

ಆದರೆ ನಿಮ್ಮ ಪಾನಕದ ದೂರು ಸರಿಯಾಗಿಯೇ ಇದೆ. ಅದಕ್ಕೆ ಸ್ವಲ್ಪ ಒಲೆ ಹತ್ತಿರ ಹೋಗಬೇಕು.

ಮನೆಯಲ್ಲಿ ರಾಗಿ ಮಾಲ್ಟ್ ಮಾಡುವುದನ್ನು ನೋಡಿದ್ದೀರಲ್ವಾ? ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ್ ಅನ್ನುವವರೆಗೆ ಹುರಿಯುತ್ತಾರೆ. ಬಾರ್ಲಿಗೂ ಅದೇ. ಕೊನೆಯ ಶಾಖ ಸುಮಾರು 80 ಡಿಗ್ರಿಗೆ ನಿಂತರೆ ತಿಳಿ ಬಣ್ಣದ ಪಿಲ್ಸ್ನರ್ ಮಾಲ್ಟ್. 100ರ ಆಸುಪಾಸಿಗೆ ಹೋದರೆ ಮ್ಯೂನಿಕ್ ಮಾಲ್ಟ್. ವಿಯೆನ್ನಾ ಮಾಲ್ಟ್ ಇವೆರಡರ ನಡುವೆ. ಮೆರ್ಟ್ಸನ್‌ನ ಜೀವ ಈ ಮ್ಯೂನಿಕ್, ವಿಯೆನ್ನಾ ಮಾಲ್ಟ್‌ಗಳಲ್ಲಿದೆ. ಬ್ರೆಡ್ಡಿನ ಸೀದ ಅಂಚಿನ ವಾಸನೆ ಬರುತ್ತದೆ, ಸಿಹಿ ಅಂಟುವುದಿಲ್ಲ.

ಕ್ಯಾರಮಲ್ ಮಾಲ್ಟ್‌ದು ಬೇರೆ ದಾರಿ. ಮೊಳಕೆ ಬಂದ ಕಾಳನ್ನು ಒಣಗಿಸದೆ ಹಸಿಯಾಗಿಯೇ ಬಿಸಿ ಮಾಡುತ್ತಾರೆ. ಸಿಪ್ಪೆಯೊಳಗೇ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಹುರಿದಾಗ ಆ ಸಕ್ಕರೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಅದರಲ್ಲಿ ಒಂದಷ್ಟನ್ನು ಯೀಸ್ಟ್ ತಿನ್ನಲಾರದು, ಬಿಯರ್‌ನಲ್ಲಿ ಉಳಿದುಬಿಡುತ್ತದೆ. ಕಡಿಮೆ ಖರ್ಚಿನಲ್ಲಿ, ಬೇಗ, ಚೆಂದದ ಬಣ್ಣ ಬರುತ್ತದೆ. ಜೊತೆಗೆ ಟಾಫಿಯ ಸಿಹಿಯೂ ಬರುತ್ತದೆ. ಅಮೆರಿಕದ ಈ ಬಿಯರ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವಾಗ ನಾನು ಕೇಳುವ ಪ್ರಶ್ನೆ ಒಂದೇ. ಇದು ಹುರಿದ ಘಮವೋ, ಬೆಲ್ಲದ ಸಿಹಿಯೋ? ಮೂಗಿಗೆ ಸಿಹಿ ಅನ್ನಿಸಬಹುದು. ನುಂಗಿದ ಮೇಲೆ ಬಾಯಿ ಚೊಕ್ಕಟವಾಗಬೇಕು.

ಹೋದ ಸೆಪ್ಟೆಂಬರ್‌ನ ಕೊನೆಯ ಶನಿವಾರ ನಮ್ಮ ಗ್ಯಾರೇಜಿನಲ್ಲಿ ಆರು ಬಿಯರ್ ಸಾಲಾಗಿ ಇಟ್ಟೆವು. ಐದು ಅಮೆರಿಕದ್ದು, ಒಂದು ಮ್ಯೂನಿಕ್‌ನಿಂದ ಬಂದ ಕೆಂಪು ಮೆರ್ಟ್ಸನ್. ನನ್ನ ಹೆಂಡತಿ ಕುಡಿಯುವುದಿಲ್ಲ. ಹಾಗಾಗಿ ಸುರಿಯುವ ಕೆಲಸ ಅವಳದೇ. ಲೋಟದ ಕೆಳಗೆ ಟೇಪ್ ಅಂಟಿಸಿ ನಂಬರ್ ಬರೆದಳು. ಗೆಳೆಯನೊಬ್ಬ ಜರ್ಮನಿಯಲ್ಲಿ ಮೂರು ವರ್ಷ ಇದ್ದವನು. 'ನನಗೆ ಅಸಲಿ ಯಾವುದು ಅಂತ ಒಂದೇ ಗುಟುಕಿಗೆ ಗೊತ್ತಾಗುತ್ತೆ' ಎಂದ. ನಾಲ್ಕನೇ ನಂಬರ್ ಎತ್ತಿ, ಮೂಸಿ, ಕಣ್ಣು ಮುಚ್ಚಿ, 'ಇದೇ' ಎಂದ. ತಳದ ಟೇಪ್ ನೋಡಿದರೆ ನಿಮ್ಮ ಒಹಾಯೋದ್ದೇ. ಕ್ಲೀವ್‌ಲ್ಯಾಂಡ್‌ನ ಗ್ರೇಟ್ ಲೇಕ್ಸ್.

ಅವನನ್ನು ತಪ್ಪು ಅನ್ನಲಾರೆ. 1988ರಲ್ಲಿ ಕಾನ್ವೇ ಸೋದರರು ಶುರು ಮಾಡಿದ ಬ್ರೂವರಿ ಅದು. ಅವರ ಆಕ್ಟೋಬರ್‌ಫೆಸ್ಟ್ 6.5 ಪರ್ಸೆಂಟ್, ಸ್ವಲ್ಪ ಜಾಸ್ತಿಯೇ. ಮೊದಲ ಗುಟುಕಿಗೆ ಬಾಯಿ ತುಂಬುತ್ತದೆ. ಆದರೆ ಆ ಭಾರ ಹುರಿದ ಕಾಳಿನದು. ಕೊಡಗಿನ ಗೆಳತಿ ತಂದ ಪಂದಿ ಕರಿಯ ಜೊತೆ ಕುಡಿದಾಗ ಕಾಚಂಪುಳಿಯ ಹುಳಿಗೆ ಇದರ ಗಟ್ಟಿತನ ಎಷ್ಟು ಸರಿಹೋಯಿತೆಂದರೆ, ಉಳಿದ ಐದು ಲೋಟ ಸ್ವಲ್ಪ ಹೊತ್ತು ಯಾರೂ ಮುಟ್ಟಲಿಲ್ಲ.

ಮಿಷಿಗನ್‌ನ ಬೆಲ್ಸ್ ಇದರ ಪಕ್ಕದ ಮನೆಯಾದರೂ ಸ್ವಭಾವವೇ ಬೇರೆ. 1985ರಲ್ಲಿ 15 ಗ್ಯಾಲನ್‌ನ ಸೂಪ್ ಪಾತ್ರೆಯಲ್ಲಿ ಬಿಯರ್ ಬೇಯಿಸಿ ಮಾರಲು ಶುರು ಮಾಡಿದ ಜಾಗ. ಅವರದು 5.5 ಪರ್ಸೆಂಟ್. ತೆಳು, ಕೊನೆಗೆ ಹಾಪ್ಸ್‌ನ (ಬಿಯರ್‌ಗೆ ಕಹಿ ಕೊಡುವ ಹೂವು) ಸೊಪ್ಪಿನ ಕಹಿ ಒಂದು ಎಳೆ. ಮೊದಲ ಲೋಟಕ್ಕೆ ಸಪ್ಪೆ ಅನ್ನಿಸಬಹುದು, ಎರಡನೆಯದಕ್ಕೆ ಅರ್ಥವಾಗುತ್ತದೆ.

ಪಾನಕ ಯಾವುದಿತ್ತು ಎಂದು ನೀವು ಹೇಳಿಲ್ಲ. ಆದರೂ ಬಾಸ್ಟನ್ನಿನ ಸ್ಯಾಮ್ಯುಯೆಲ್ ಆಡಮ್ಸ್ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ಜರ್ಮನರ 'ಕೆ' ಬದಲು 'ಸಿ' ಅಕ್ಷರ ಹಾಕಿ ಆಕ್ಟೋಬರ್‌ಫೆಸ್ಟ್ ಎಂದು ಬರೆಯುತ್ತಾರೆ. 1989ರಿಂದ ಬರುತ್ತಿದೆ, 5.3 ಪರ್ಸೆಂಟ್. ಅಮೆರಿಕದಲ್ಲಿ ಎಷ್ಟೋ ಜನಕ್ಕೆ ಈ ಜಾತಿಯ ಬಿಯರ್ ಪರಿಚಯವಾದದ್ದೇ ಇದರಿಂದ. ನನಗೂ ಹಾಗೇ. ಅವರ ಮಾಲ್ಟ್ ಪಟ್ಟಿಯಲ್ಲಿ ಮ್ಯೂನಿಕ್ ಇದೆ, ಪಕ್ಕದಲ್ಲೇ ಕ್ಯಾರಮಲ್ ಕೂಡ ಇದೆ. ಒಂದು ಲೋಟಕ್ಕೆ ಹಿತ. ಎರಡನೆಯದಕ್ಕೆ ತುಟಿ ಅಂಟುತ್ತದೆ. ಅದೇ ಮೆಸಾಚುಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿ 2011ರಲ್ಲಿ ಮೂವರು ಸೋದರರು ಶುರು ಮಾಡಿದ ಜಾಕ್ಸ್ ಆ್ಯಬಿ ಹೆಸರಾದದ್ದೇ ಲಾಗರ್‌ಗೆ. ಅವರ ಕಾಪರ್ ಲೆಜೆಂಡ್ ಬಣ್ಣದಲ್ಲಿ ತಾಮ್ರವೇ, ನುಂಗಿದರೆ ಮಾತ್ರ ಬಾಯಿ ಸ್ವಚ್ಛ. ಒಂದೇ ರಾಜ್ಯದ ಈ ಎರಡು ಡಬ್ಬಿ ಪಕ್ಕಪಕ್ಕ ಇಟ್ಟು ಕುಡಿದು ನೋಡಿ. ನಾನು ಇಷ್ಟುದ್ದ ಬರೆದದ್ದು ಎರಡು ಗುಟುಕಿನಲ್ಲಿ ತಿಳಿಯುತ್ತದೆ.

ಪೆನ್ಸಿಲ್ವೇನಿಯಾದ ವಿಕ್ಟರಿಯವರು ಜರ್ಮನಿಯಲ್ಲೇ ಓದಿ ಬಂದವರು. ಅವರ ಫೆಸ್ಟ್‌ಬಿಯರ್ ನಾವು ತಂದ ಐದನೆಯದು. ಫೆಸ್ಟ್‌ಬಿಯರ್ ಅಂದರೆ ಈಗ ಸಾಮಾನ್ಯವಾಗಿ ಡೇರೆಯ ಹಳದಿ ಬಿಯರ್, ಇದರ ಬಣ್ಣ ಮಾತ್ರ ಮೆರ್ಟ್ಸನ್‌ದು. ಹೆಸರು ನಂಬಿ ಹಳದಿ ಸಿಗುತ್ತದೆ ಅಂದುಕೊಳ್ಳಬೇಡಿ.

ಇನ್ನು ದೂರದವು. ಟೆಕ್ಸಾಸ್‌ಗೆ 1840ರ ದಶಕದಲ್ಲೇ ಜರ್ಮನರು ಬಂದು ನ್ಯೂ ಬ್ರೌನ್‌ಫೆಲ್ಸ್, ಫ್ರೆಡ್ರಿಕ್ಸ್‌ಬರ್ಗ್ ಊರುಗಳನ್ನು ಕಟ್ಟಿದರು. ಆಸ್ಟಿನ್‌ನ ಲೈವ್ ಓಕ್ ಬ್ರೂವರಿ ಇವತ್ತಿಗೂ ಹಳೆಯ ಡಿಕಾಕ್ಷನ್ ಪದ್ಧತಿ ಬಿಟ್ಟಿಲ್ಲ. ನಮ್ಮ ಕಾಫಿ ಡಿಕಾಕ್ಷನ್ ಅಲ್ಲ! ನೆನೆಸಿದ ಮಾಲ್ಟ್‌ನಲ್ಲಿ ಒಂದು ಪಾಲು ತೆಗೆದು ಬೇರೆ ಪಾತ್ರೆಯಲ್ಲಿ ಕುದಿಸಿ ಮತ್ತೆ ಸೇರಿಸುವುದು. ಗಂಟೆಗಟ್ಟಲೆ ಕೆಲಸ. ಕೊಲರಾಡೋದ ಲೆಫ್ಟ್ ಹ್ಯಾಂಡ್ 6.6 ಪರ್ಸೆಂಟ್, ಬೆಟ್ಟದ ಚಳಿಗೆ ಸರಿ. ವಿಸ್ಕಾನ್ಸಿನ್‌ನ ನ್ಯೂ ಗ್ಲೇರಸ್ ತನ್ನ ಬಿಯರನ್ನು ಆ ರಾಜ್ಯದ ಆಚೆ ಮಾರುವುದೇ ಇಲ್ಲ. ಅಲ್ಲಿ ನೆಂಟರಿದ್ದರೆ ಅವರ ಆಕ್ಟೋಬರ್‌ಫೆಸ್ಟ್ ಬಿಯರ್ ಸ್ಟ್ಯಾಗ್‌ಹಾರ್ನ್ ತರಿಸಿಕೊಳ್ಳಿ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಸ್ವಲ್ಪ ಜಾಣ. 2015ರಿಂದ 2019ರವರೆಗೆ ವರ್ಷಕ್ಕೊಂದು ಜರ್ಮನ್ ಬ್ರೂವರಿಯ ಜೊತೆ ಸೇರಿ ಹೊಸ ಪಾಕ ಮಾಡಿತು. ಮೊದಲು ಆಗ್ಸ್‌ಬರ್ಗ್‌ನ ರೀಗೆಲೆ, ಆಮೇಲೆ ಬಾಂಬರ್ಗ್‌ನ ಮಾರ್ಸ್, 2018ರಲ್ಲಿ ವೈಹೆನ್‌ಸ್ಟೆಫಾನ್. ಬಣ್ಣ ಹೊನ್ನಿಗೂ ತಾಮ್ರಕ್ಕೂ ನಡುವೆ. ಮ್ಯೂನಿಕ್ ಡೇರೆಯ ನೆನಪು ಬೇಕು ಅನ್ನಿಸಿದಾಗ ಇದಕ್ಕೇ ಕೈ ಹಾಕಿ.

ಹಾಗಾದರೆ ಕೊಳ್ಳುವುದು ಯಾವುದು? ನೀವಿರುವುದು ಕೊಲಂಬಸ್‌ನಲ್ಲಿ. ಊಟದ ಜೊತೆಗೆ ಗ್ರೇಟ್ ಲೇಕ್ಸ್, ಕೋಡುಬಳೆ ನಿಪ್ಪಟ್ಟಿನ ಜೊತೆ ಹರಟೆಗೆ ಬೆಲ್ಸ್. ಫ್ರಿಜ್‌ನಿಂದ ತೆಗೆದು ಹದಿನೈದು ನಿಮಿಷ ಬಿಟ್ಟು ಕುಡಿಯಿರಿ. ಮಂಜಿನಷ್ಟು ತಣ್ಣಗಿದ್ದರೆ ಹುರಿದ ಘಮ ಏಳುವುದೇ ಇಲ್ಲ. ಡಬ್ಬಿಯ ತಳದ ತಾರೀಖು ನೋಡಿ. ನಾನೊಮ್ಮೆ ಅಂಗಡಿಯೊಂದರ ಕಿಟಕಿ ಬಿಸಿಲಿನಲ್ಲಿ ನಿಂತಿದ್ದ ಹಸಿರು ಬಾಟಲಿಗಳನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು, ಆರಕ್ಕೆ ಆರನ್ನೂ ಸಿಂಕಿಗೆ ಸುರಿದೆ. ಹಾಪ್ಸ್‌ಗೆ ಬೆಳಕು ತಾಕಿದರೆ ಬರುವ ಆ ನಾತ ಎರಡು ದಿನ ಅಡುಗೆಮನೆ ಬಿಡಲಿಲ್ಲ.

ದೀಪಾವಳಿವರೆಗೆ ಧಾರಾಳವಾಗಿ ಇಡಿ. ಫ್ರಿಜ್‌ನಲ್ಲಿ. ಗ್ಯಾರೇಜಿನಲ್ಲಿ ಅಲ್ಲ, ಕಾರಿನ ಡಿಕ್ಕಿಯಲ್ಲಂತೂ ಅಲ್ಲವೇ ಅಲ್ಲ.