ಒಬ್ಬ ಕಾರ್ಟರ್, ಊರಿಗೊಂದು ನೆನಪು

ದಾವಣಗೆರೆಯ ಓದುಗರೊಬ್ಬರ ಪತ್ರ: “ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತೀರಿಕೊಂಡಾಗ ಬಂದ ಬರಹಗಳನ್ನು ಕತ್ತರಿಸಿ ಇಟ್ಟಿದ್ದೆ. ಈಗ ಓದಿದರೆ ಎಲ್ಲದರಲ್ಲೂ ಒಂದೇ ರಾಗ. ಅಧ್ಯಕ್ಷರಾಗಿ ಸೋತರು, ಆಮೇಲೆ ದೊಡ್ಡವರಾದರು ಅಂತ. ಎಲ್ಲರೂ ಸೇರಿ ಕಾಪಿ ಹೊಡೆದರಾ? ನಮ್ಮವರಂತೂ ಹರಿಯಾಣದ ಒಂದು ಹಳ್ಳಿ ಬಿಟ್ಟು ಬೇರೇನೂ ಬರೆದ ಹಾಗಿಲ್ಲ.”

ಸಂಪಾದಕರ ಉತ್ತರ: ನಿಮ್ಮ ಅನುಮಾನ ಅರ್ಧ ಸರಿ. ಇಂಥವರ ಸಾವಿನ ಸುದ್ದಿಯನ್ನು ಸತ್ತ ದಿನ ಕೂತು ಬರೆಯುವುದಿಲ್ಲ. 2023ರ ಫೆಬ್ರುವರಿಯಲ್ಲೇ ಕಾರ್ಟರ್ ಆಸ್ಪತ್ರೆ ಸಾಕು, ಇನ್ನು ಮನೆಯಲ್ಲೇ ಇರುತ್ತೇನೆ ಅಂದಿದ್ದರು. ಹೋಗಿದ್ದು 2024ರ ಡಿಸೆಂಬರ್ 29ಕ್ಕೆ, ನೂರು ತುಂಬಿದ ಮೇಲೆ. ನ್ಯೂಯಾರ್ಕ್ ಟೈಮ್ಸ್‌ನ ಬರಹಕ್ಕೆ ಇಬ್ಬರ ಹೆಸರಿತ್ತು. ಅವರಲ್ಲಿ ರಾಯ್ ರೀಡ್ 2017ರಲ್ಲೇ ತೀರಿಕೊಂಡಿದ್ದರು! ಹೀಗೆ ಅಮೆರಿಕದಲ್ಲಿ ಮೊದಲೇ ಬರೆದಿಟ್ಟದ್ದು ಸುದ್ದಿಸಂಸ್ಥೆಗಳ ಮೂಲಕ ಎಲ್ಲ ಕಡೆ ಹೋಗುತ್ತದೆ. ರಾತ್ರಿ ಪಾಳಿಯ ಉಪಸಂಪಾದಕ ಅದನ್ನೇ ಗಡಿಬಿಡಿಯಲ್ಲಿ ಕನ್ನಡಕ್ಕೆ ಇಳಿಸುತ್ತಾನೆ. ‘ಸೋತರು’ ಅನ್ನುವುದು ಅಲ್ಲಿಯ ಮತದಾರರ ಲೆಕ್ಕ.

ಆದರೆ ಎಲ್ಲ ಕಡೆ ಒಂದೇ ರಾಗ ಅನ್ನುವುದನ್ನು ಒಪ್ಪಲಾರೆ. ಪನಾಮದವರಿಗೆ ಕಾರ್ಟರ್ ಕಾಲುವೆ ವಾಪಸ್ ಕೊಟ್ಟವರು. 1977ರಲ್ಲಿ ಸಹಿ ಹಾಕಿದರು, 1999ರ ಕೊನೆಗೆ ಕಾಲುವೆ ಕೈಗೆ ಬಂತು. ಕಾಲುವೆ ನಮಗೇ ವಾಪಸ್ ಬೇಕು ಅಂತ ಟ್ರಂಪ್ ಶುರು ಮಾಡಿದ ಒಂದು ವಾರಕ್ಕೇ ಕಾರ್ಟರ್ ಹೋದರು. ಅಲ್ಲಿ ಆ ಸುದ್ದಿಗೆ ಬೇರೆಯೇ ಕಾವು. ಈಜಿಪ್ಟ್, ಇಸ್ರೇಲ್‌ಗೆ ಕಾರ್ಟರ್ ಮಾಡಿಸಿದ 1979ರ ಶಾಂತಿ ಒಪ್ಪಂದ ನೆನಪಾಗುತ್ತದೆ. ಪ್ಯಾಲೆಸ್ಟೀನಿಯರಿಗೆ ಅದರಲ್ಲಿ ತಮಗೇನು ಸಿಕ್ಕಿತು ಅನ್ನುವ ಪ್ರಶ್ನೆ ಇವತ್ತಿಗೂ ಇದೆ. ಇನ್ನು ಇರಾನ್. ಅಮೆರಿಕದವರು ಅಲ್ಲಿ ತಮ್ಮ 52 ಜನ 444 ದಿನ ಒತ್ತೆಯಲ್ಲಿದ್ದುದನ್ನು ಎಣಿಸುತ್ತಾರೆ. ಇರಾನಿನವರು 1977ರ ಡಿಸೆಂಬರ್ 31ರ ರಾತ್ರಿಯನ್ನು ಎತ್ತುತ್ತಾರೆ. ಅವತ್ತು ಟೆಹ್ರಾನ್‌ನ ಔತಣದಲ್ಲಿ ಕಾರ್ಟರ್, ಜನ ಆಮೇಲೆ ಓಡಿಸಿದ ದೊರೆ ಷಾ ಅವರನ್ನು ಬಾಯ್ತುಂಬ ಹೊಗಳಿದ್ದರು.

ಮರುದಿನವೇ ಅವರು ಬಂದಿಳಿದದ್ದು ದೆಹಲಿಗೆ. ನೀವು ಹೇಳಿದ ಹಳ್ಳಿಯ ಕಥೆ ಆ ಪ್ರವಾಸದ್ದೇ. ಜನವರಿ 3ರಂದು ದಂಪತಿ ದೌಲತಪುರ ನಸೀರಾಬಾದ್‌ಗೆ ಹೋದರು, ಊರಿನ ಹೆಸರು ಕಾರ್ಟರ್‌ಪುರಿ ಆಯಿತು. ಫೋಟೋ ಚೆನ್ನಾಗಿದೆ, ಕಥೆ ಸಿಹಿಯಾಗಿದೆ. ಅದಕ್ಕೇ ಎಲ್ಲರೂ ಅದನ್ನೇ ಹಾಕಿದರು. ಹಿಂದಿನ ದಿನ ದೆಹಲಿಯಲ್ಲಿ ಆದದ್ದು ಅಷ್ಟು ಸಿಹಿಯಲ್ಲ. ಮೈಕ್ ಆನ್ ಇದೆ ಅಂತ ಗೊತ್ತಿಲ್ಲದೆ ಕಾರ್ಟರ್ ತಮ್ಮ ವಿದೇಶಾಂಗ ಕಾರ್ಯದರ್ಶಿ ವಾನ್ಸ್ ಕಿವಿಯಲ್ಲಿ, ಊರಿಗೆ ಹೋದ ಮೇಲೆ ಆಗಿನ ನಮ್ಮ ಪ್ರಧಾನಿ ಮೊರಾರ್ಜಿ ದೇಸಾಯಿಗೆ ಖಡಕ್ಕಾಗಿ ಒಂದು ಪತ್ರ ಬರೆಯಬೇಕು ಅಂದುಬಿಟ್ಟರು. ಜಗಳ ಅಣು ವಿಷಯದ್ದು. ತಾರಾಪುರದ ಅಣು ವಿದ್ಯುತ್ ಸ್ಥಾವರಕ್ಕೆ ಇಂಧನ ಬೇಕಾದರೆ ನಿಮ್ಮ ಎಲ್ಲ ಅಣು ಘಟಕಗಳನ್ನೂ ತಪಾಸಣೆಗೆ ತೆರೆಯಿರಿ ಅಂತ ಅಮೆರಿಕ, ಆಗೋದಿಲ್ಲ ಅಂತ ನಾವು. ತಮಾಷೆ ನೋಡಿ, 1980ರಲ್ಲಿ ಇದೇ ಕಾರ್ಟರ್ ತಮ್ಮ ಸಂಸತ್ತಿನ ವಿರೋಧ ಕಟ್ಟಿಕೊಂಡು ಆ ಇಂಧನ ಕಳಿಸಲು ಒಪ್ಪಿದರು. ಸೆನೆಟ್‌ನಲ್ಲಿ ಎರಡೇ ಮತದಲ್ಲಿ ಉಳಿಯಿತು. ಹಳ್ಳಿಗಿಂತ ಇದು ಜಾಸ್ತಿ ನಮ್ಮ ಕಥೆ, ಅಲ್ವಾ?

ಇನ್ನೊಂದೂ ಬಿಟ್ಟುಹೋಗಿದೆ, ಅದು ಕರ್ನಾಟಕದ್ದು. ಅಧಿಕಾರ ಬಿಟ್ಟ ಮೇಲೆ ಕಾರ್ಟರ್ ಕಟ್ಟಿದ ಸಂಸ್ಥೆ ಕಾರ್ಟರ್ ಸೆಂಟರ್ ಆಫ್ರಿಕಾದಲ್ಲಿ ಒಂದು ಹುಳದ ರೋಗ ಓಡಿಸಿತು ಅಂತ ಎಲ್ಲರೂ ಬರೆದರು. ಅದು ಬೇರೇನಲ್ಲ, ನಮ್ಮ ನಾರುಹುಣ್ಣು. ನಿಂತ ನೀರು ಕುಡಿದವರ ಮೈ ಸೇರಿ, ಸುಮಾರು ಒಂದು ವರ್ಷಕ್ಕೆ ಕಾಲಲ್ಲಿ ಗುಳ್ಳೆ ಎದ್ದು, ಅದರಿಂದ ದಾರದಂಥ ಹುಳ ತಲೆ ಹಾಕುತ್ತದೆ. ಎಳೆದರೆ ತುಂಡಾಗುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಅಂತ ಬಿಡಿಸಬೇಕು, ಮೂರಡಿ ಉದ್ದ ಇದ್ದರೂ. 1986ರಲ್ಲಿ ಪ್ರಪಂಚದಲ್ಲಿ ಸುಮಾರು 35 ಲಕ್ಷ ಜನರಿಗಿತ್ತು, ಕಾರ್ಟರ್ ಹೋಗುವ ಹೊತ್ತಿಗೆ ವರ್ಷಕ್ಕೆ ಬೆರಳೆಣಿಕೆಗೆ ಇಳಿದಿತ್ತು. ಮೆಟ್ಟಿಲುಬಾವಿಗಳಿದ್ದ ನಮ್ಮ ಉತ್ತರದ ಜಿಲ್ಲೆಗಳಲ್ಲೂ ಇತ್ತು. ಆದರೆ ಇಲ್ಲಿ ಅದನ್ನು ಓಡಿಸುವ ಸರ್ಕಾರಿ ಕೆಲಸ ಕಾರ್ಟರ್ ಕೈಹಾಕುವ ಮೊದಲೇ ಶುರುವಾಗಿತ್ತು. 2000ದಲ್ಲಿ ಭಾರತ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ನಿಮ್ಮ ಕಡೆ ಹಿರಿಯರಲ್ಲಿ ಯಾರಿಗಾದರೂ ನಾರುಹುಣ್ಣು ಆಗಿದ್ದರೆ, ಬಾವಿಗೆ ಮದ್ದು ಹಾಕಲು ಬಂದವರ ನೆನಪಿದ್ದರೆ ಕೇಳಿ ಬರೆದು ಕಳಿಸಿ. ಒಂದು ಪುಟ ತೆಗೆದಿಡುತ್ತೇವೆ.